ಬಾಡಿಗೆ ಸರ್ವರ್‌ನ ಅಳತೆಗೆ ಮುದ್ರೆ ಒತ್ತುವವರಾರು?

ನಾಡಕಚೇರಿಯ ಕಿಟಕಿಯ ಮುಂದಾಗಲಿ, ನ್ಯಾಯಬೆಲೆ ಅಂಗಡಿಯ ಸರತಿಯಲ್ಲಾಗಲಿ, ಉಪನೋಂದಣಾಧಿಕಾರಿ ಕಚೇರಿಯ ಪಡಸಾಲೆಯಲ್ಲಾಗಲಿ ರಾಜ್ಯದ ಜನರು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ಮಾತೊಂದಿದೆ. ಅದು ‘ಸರ್ವರ್ ಡೌನ್’. ಈ ಎರಡು ಪದಗಳಿಗೆ ಎದುರುತ್ತರವಿಲ್ಲ. ಒಂದು ಕಾಲದಲ್ಲಿ ‘ಸಾಹೇಬರು ರಜೆಯ ಮೇಲಿದ್ದಾರೆ’ ಎಂಬ ಮಾತಿಗಿದ್ದ ಸ್ಥಾನ ಇಂದು ಇದಕ್ಕೆ ಸಂದಿದೆ. ನಾಗರಿಕ ಕೈಯಲ್ಲಿ ಕಾಗದಪತ್ರ ಹಿಡಿದು ಮರಳಿ ಮನೆಯ ದಾರಿ ಹಿಡಿಯುತ್ತಾನೆ.

ಡೌನ್ ಆದ ಸರ್ವರ್ ಎಲ್ಲಿದೆ, ಅದು ಎಂಥ ಯಂತ್ರ, ಅದರ ಪ್ರೊಸೆಸರ್‌ಗೆ ವಯಸ್ಸೆಷ್ಟು, ಡಿಸ್ಕ್ ಒಂಟಿಯೋ ಜೋಡಿಯೋ ಎಂದು ಕೇಳಿದರೆ ಕಿಟಕಿಯ ಒಳಗೆ ಕುಳಿತವರಿಗೂ ಉತ್ತರ ಗೊತ್ತಿರುವುದಿಲ್ಲ. ಅವರಿಂದ ಅದನ್ನು ನಿರೀಕ್ಷಿಸುವುದೂ ತಪ್ಪು. ಸೋಜಿಗವೆಂದರೆ, ಸರ್ವರ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಎಷ್ಟೋ ಸಂಸ್ಥೆಗಳಿಗೂ ಅದು ಗೊತ್ತಿರುವುದಿಲ್ಲ. ಪಟ್ಟಣದ ಸಹಕಾರ ಸಂಘ, ಖಾಸಗಿ ಶಾಲೆ, ಜಿಲ್ಲಾ ಪತ್ರಿಕೆ, ಸೀರೆ ಅಂಗಡಿ ಇವೆಲ್ಲವೂ ಇಂದು ಜಾಲತಾಣ ನಡೆಸುತ್ತವೆ. ಯಾವ ಯಂತ್ರದ ಮೇಲೆ ಎಂದು ಕೇಳಿದರೆ ಬಿಲ್ಲಿನ ಮೇಲಿರುವ ಯೋಜನೆಯ ಹೆಸರನ್ನಷ್ಟೇ ಹೇಳಬಲ್ಲವು.

ಪ್ರಶ್ನೆ ತಾಂತ್ರಿಕವೆನಿಸಬಹುದು. ವಾಸ್ತವದಲ್ಲಿ ಇದು ಅಳತೆ ಮತ್ತು ತೂಕದ ಪ್ರಶ್ನೆ. ಹಣ ಕೊಟ್ಟವನಿಗೆ ತಾನು ಪಡೆದದ್ದು ಎಷ್ಟು ಎಂದು ಅಳೆದು ನೋಡಲು ಸಾಧ್ಯವೇ? ಸಾಧ್ಯವಿದ್ದರೆ ಎಲ್ಲಿಯವರೆಗೆ? ಆಗದ ಕಡೆ ಅವನಿಗೆ ರಕ್ಷಣೆ ಯಾವುದು?

ಯಂತ್ರವೇ ಹೇಳುವ ಮಾತು

ಸರ್ವರ್ ಬಾಡಿಗೆಯಲ್ಲಿ ಸ್ಥೂಲವಾಗಿ ಮೂರು ಬಗೆಗಳಿವೆ. ಇಡೀ ಯಂತ್ರವನ್ನೇ ಬಾಡಿಗೆಗೆ ಪಡೆಯುವುದು ಮೊದಲನೆಯದು. ಒಂದು ಯಂತ್ರವನ್ನು ತಂತ್ರಾಂಶದ ಮೂಲಕ ಹಲವು ಕೋಣೆಗಳಾಗಿ ವಿಂಗಡಿಸಿ ಒಂದು ಕೋಣೆಯನ್ನು ಪಡೆಯುವುದು ಎರಡನೆಯದು. ವರ್ಚುವಲ್ ಸರ್ವರ್ ಎಂದು ಕರೆಯುವುದು ಇದನ್ನೇ. ನೂರಾರು ಜಾಲತಾಣಗಳ ಜೊತೆ ಒಂದೇ ಹಜಾರದಲ್ಲಿ ಚಾಪೆ ಹಾಸಿಕೊಳ್ಳುವುದು ಮೂರನೆಯದು. ಅದು ಅಗ್ಗದ ಹಂಚಿಕೆಯ ಹೋಸ್ಟಿಂಗ್. ಸಣ್ಣ ಸಂಸ್ಥೆಗಳು ಹೆಚ್ಚಾಗಿ ಕಡೆಯ ಎರಡರಲ್ಲಿರುತ್ತವೆ. ಇಲ್ಲಿ ಬಾಡಿಗೆದಾರನಿಗೆ ಯಂತ್ರದ ಮೇಲೆ ಪೂರ್ಣಾಧಿಕಾರವಿಲ್ಲ. ಕೆಲವೊಮ್ಮೆ ಆಜ್ಞೆ ಬರೆಯುವ ಕಪ್ಪು ಪರದೆಯೂ ಸಿಗದೆ, ಪಿಎಚ್‌ಪಿ ಭಾಷೆಯಲ್ಲಿ ಪುಟ ಬರೆದು ಏರಿಸುವ ಅವಕಾಶ ಮಾತ್ರ ಇರುತ್ತದೆ.

ಇಷ್ಟು ಸೀಮಿತ ಪ್ರವೇಶದಲ್ಲಿಯೂ ತಿಳಿಯಬಹುದಾದದ್ದು ಕಡಿಮೆಯೇನಲ್ಲ. ಅಂತರ್ಜಾಲದ ಸರ್ವರ್‌ಗಳಲ್ಲಿ ಬಹುಪಾಲು ಲಿನಕ್ಸ್ ಮೇಲೆ ನಡೆಯುತ್ತವೆ. ಲಿನಕ್ಸ್‌ನಲ್ಲಿ ‘ಪ್ರೊಕ್’ ಎಂಬ ಕಡತಕೋಶವಿದೆ. ಅಲ್ಲಿರುವ ‘ಸಿಪಿಯುಇನ್ಫೋ’ ಕಡತ ಪ್ರೊಸೆಸರ್‌ನ ಹೆಸರು, ವೇಗ, ಕೋರ್‌ಗಳ ಸಂಖ್ಯೆಯನ್ನೂ, ‘ಮೆಮ್‌ಇನ್ಫೋ’ ಕಡತ ಮೆಮೊರಿಯ ಪ್ರಮಾಣವನ್ನೂ ಹೇಳುತ್ತವೆ. ಇವನ್ನು ಓದಲು ಸಾಮಾನ್ಯವಾಗಿ ಆಡಳಿತಾಧಿಕಾರ ಬೇಕಿಲ್ಲ. ಪಿಎಚ್‌ಪಿ ಮಾತ್ರ ಇರುವ ಕಡೆಯೂ ಹೋಸ್ಟಿಂಗ್ ಕಂಪನಿ ನಿರ್ಬಂಧ ಹಾಕಿರದಿದ್ದರೆ ನಾಲ್ಕು ಸಾಲಿನ ಪುಟವೊಂದು ಈ ಕಡತಗಳನ್ನು ತೆರೆದು ತೋರಿಸಬಲ್ಲದು. ಪ್ರೊಸೆಸರ್‌ನ ಹೆಸರು ಸಿಕ್ಕರೆ ಅದರ ಜಾತಕವೇ ಸಿಕ್ಕಂತೆ. ಉದಾಹರಣೆಗೆ ‘ಇಂಟೆಲ್ ಕ್ಸಿಯಾನ್ ಇ5-2680 ವಿ4’ ಎಂದಿದ್ದರೆ ಅದು 2016ರಲ್ಲಿ ಮಾರುಕಟ್ಟೆಗೆ ಬಂದ 14 ಕೋರ್‌ಗಳ ಪ್ರೊಸೆಸರ್. ‘ಅತ್ಯಾಧುನಿಕ ಯಂತ್ರ’ ಎಂದು ಜಾಹೀರಾತಿನಲ್ಲಿ ಹೇಳಿದವರನ್ನು ಆಗ ಒಂದು ಮಾತು ಕೇಳಬಹುದು.

ಎರಡು ಬಗೆಯ ಮರೆಮಾಚಿಕೆ

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಈ ಕಡತಗಳು ಹೇಳುವುದೆಲ್ಲವೂ ಬಾಡಿಗೆದಾರನಿಗೆ ಸಂದ ಪಾಲಲ್ಲ ಎಂಬುದು ಇಲ್ಲಿನ ಮೊದಲ ಎಚ್ಚರಿಕೆ.

ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಯಂತ್ರ ಇದ್ದುದಕ್ಕಿಂತ ಹೆಚ್ಚು ಹೇಳಬಹುದು. 64 ಕೋರ್, 256 ಗಿಗಾಬೈಟ್ ಮೆಮೊರಿ ಎಂದು ಕಡತ ತೋರಿಸಿತೆಂದುಕೊಳ್ಳೋಣ. ಅದು ಇಡೀ ಮನೆಯ ವಿಸ್ತೀರ್ಣ, ಬಾಡಿಗೆದಾರನ ಚಾಪೆಯದ್ದಲ್ಲ. ಅವನ ಪಾಲಿಗೆ ಒಂದು ಕೋರ್, ಒಂದು ಗಿಗಾಬೈಟ್ ಎಂಬ ಮಿತಿಯನ್ನು ಬೇರೆಡೆ ವಿಧಿಸಲಾಗಿರುತ್ತದೆ. ಮಿತಿಯ ಕಡತ ಕಣ್ಣಿಗೆ ಬಿದ್ದರೆ ಸರಿ. ಇಲ್ಲದಿದ್ದರೆ ದಟ್ಟಣೆಯ ದಿನ ತಾಣ ಕುಸಿದಾಗಲೇ ಅದು ತಿಳಿಯುವುದು.

ವರ್ಚುವಲ್ ಸರ್ವರ್‌ನಲ್ಲಿ ಇದರ ತದ್ವಿರುದ್ಧ. ಅಲ್ಲಿ ಅಸಲಿ ಯಂತ್ರಕ್ಕೂ ಬಾಡಿಗೆದಾರನಿಗೂ ನಡುವೆ ಹೈಪರ್‌ವೈಸರ್ ಎಂಬ ಮಧ್ಯವರ್ತಿ ತಂತ್ರಾಂಶ ಕುಳಿತಿರುತ್ತದೆ. ಅದು ಅಸಲಿ ಪ್ರೊಸೆಸರ್‌ನ ಹೆಸರನ್ನು ತಿಳಿಸಬಹುದು ಅಥವಾ ‘ಕ್ಯೂಇಎಂಯು ವರ್ಚುವಲ್ ಸಿಪಿಯು’ ಎಂಬ ಸಾಮಾನ್ಯ ಹೆಸರನ್ನಷ್ಟೇ ಹೇಳಿ ಸುಮ್ಮನಾಗಬಹುದು. ಸಿಪಿಯುಇನ್ಫೋ ಕಡತದ ಸಾಮರ್ಥ್ಯಗಳ ಪಟ್ಟಿಯಲ್ಲಿ ‘ಹೈಪರ್‌ವೈಸರ್’ ಎಂಬ ಪದವಿದ್ದರೆ ನೀವಿರುವುದು ಕೋಣೆಯಲ್ಲಿ, ಮನೆಯಲ್ಲಲ್ಲ ಎಂದು ತಿಳಿಯಬೇಕು. ಇಡೀ ಯಂತ್ರ ನಿಮ್ಮದೇ ಎಂದು ನಂಬಿಸಿ ಹಣ ಪಡೆದಿದ್ದರೆ ಆ ಒಂದು ಪದ ಸಾಕ್ಷಿಯಾಗುತ್ತದೆ.

ಇನ್ನು ಕೆಲವು ಸಂಗತಿಗಳು ಬಾಡಿಗೆದಾರನಿಗೆ ಕಾಣಿಸುವುದೇ ಇಲ್ಲ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ಕೈಹಿಡಿಯುವ ರೇಡ್ ವ್ಯವಸ್ಥೆ ಇದೆಯೇ? ಮೆಮೊರಿಯ ದೋಷವನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಬಗೆಯದೇ? ಇವನ್ನು ತಿಳಿಸುವ ಆಜ್ಞೆಗಳಿಗೆ ಪೂರ್ಣಾಧಿಕಾರ ಬೇಕು. ವರ್ಚುವಲ್ ಸರ್ವರ್‌ನಲ್ಲಿ ಪೂರ್ಣಾಧಿಕಾರವಿದ್ದರೂ ಸಿಗುವುದು ಮಧ್ಯವರ್ತಿ ಕಟ್ಟಿಕೊಟ್ಟ ಚಿತ್ರ ಮಾತ್ರ. ಇದು ಸಣ್ಣ ವಿಷಯವಲ್ಲ. ಗೂಗಲ್‌ನ ಸರ್ವರ್‌ಗಳನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ವರ್ಷಕ್ಕೆ ಶೇಕಡ 8ಕ್ಕೂ ಹೆಚ್ಚು ಮೆಮೊರಿ ಫಲಕಗಳಲ್ಲಿ ದೋಷ ಕಾಣಿಸಿಕೊಂಡುದನ್ನು ದಾಖಲಿಸಿತ್ತು. ಸಹಕಾರ ಸಂಘದ ಲೆಕ್ಕಪತ್ರ ಕುಳಿತಿರುವ ಯಂತ್ರದಲ್ಲಿ ದೋಷ ತಿದ್ದುವ ವ್ಯವಸ್ಥೆ ಇದೆಯೋ ಇಲ್ಲವೋ ಎಂಬುದು ಸದಸ್ಯರ ಹಣಕ್ಕೆ ಸಂಬಂಧಿಸಿದ ಪ್ರಶ್ನೆ.

ಗಡಿಯಾರಕ್ಕೆ ಮುಖದಾಕ್ಷಿಣ್ಯವಿಲ್ಲ

ಹೇಳಿಕೆಯನ್ನು ನಂಬಲಾಗದಿದ್ದಾಗ ಉಳಿಯುವ ಮಾರ್ಗ ಅಳತೆ. ಯಂತ್ರ ತನ್ನ ಹೆಸರನ್ನು ಮರೆಮಾಚಬಹುದು. ಕೆಲಸಕ್ಕೆ ತಗಲುವ ಸಮಯವನ್ನು ಬಹುಕಾಲ ಮರೆಮಾಚುವುದು ಕಷ್ಟ.

ಡಿಸ್ಕನ್ನೇ ತೆಗೆದುಕೊಳ್ಳಿ. ಎಸ್‌ಎಸ್‌ಡಿ ಎಂದು ಹೇಳಿ ಹಳೆಯ ತಿರುಗುವ ಡಿಸ್ಕ್ ಕೊಟ್ಟಿದ್ದಾರೆಯೇ ಎಂಬ ಅನುಮಾನವಿದೆ ಎನ್ನೋಣ. ‘ಇದು ತಿರುಗುವ ಡಿಸ್ಕೇ’ ಎಂಬ ಪ್ರಶ್ನೆಗೆ ಲಿನಕ್ಸ್‌ನಲ್ಲಿ ಸೊನ್ನೆ ಅಥವಾ ಒಂದು ಎಂದು ಉತ್ತರಿಸುವ ಕಡತವೂ ಇದೆ. ಆದರೆ ಅದೂ ಮಧ್ಯವರ್ತಿಯ ಮಾತೇ. ಎಸ್‌ಎಸ್‌ಡಿ ಇದ್ದರೂ ‘ತಿರುಗುತ್ತದೆ’ ಎಂದು ಅದು ಹೇಳುವುದುಂಟು. ಆದ್ದರಿಂದ ಗಡಿಯಾರದ ಮೊರೆ ಹೋಗಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಜಾಗ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ಹೆಚ್ಚು ಕಾಯಬೇಕು. ಸೂಜಿ ಸರಿಯುವ ಸಮಯ ಬೇರೆ. ಹೀಗಾಗಿ ಒಂದು ಡಿಸ್ಕ್ ಅಲ್ಲೊಂದು ಇಲ್ಲೊಂದು ಚೂರನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿಯೇ ಏದುಸಿರು ಬಿಡುತ್ತದೆ. ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಗಳ ಲೆಕ್ಕದಲ್ಲಿ ಮಾಡುತ್ತದೆ. ಒಮ್ಮೆ ಓದಿದ್ದನ್ನೇ ಮತ್ತೆ ಓದಿಸಿದರೆ ಅದು ಮೆಮೊರಿಯಿಂದ ಬರುತ್ತದೆಯಾದ್ದರಿಂದ ಅಳೆಯುವಾಗ ದೊಡ್ಡ ಕಡತದ ಬೇರೆ ಬೇರೆ ಜಾಗಗಳನ್ನು ಓದಿಸಬೇಕು.

ಪ್ರೊಸೆಸರ್‌ನ ವಿಷಯದಲ್ಲಿ ಇನ್ನೊಂದು ಅಂಕಿಯಿದೆ. ಲಿನಕ್ಸ್ ಅದನ್ನು ‘ಸ್ಟೀಲ್’ ಎಂದು ಕರೆಯುತ್ತದೆ. ಹೆಸರೇ ಹೇಳುವಂತೆ ಅದು ಕದ್ದ ಸಮಯ. ನಿಮ್ಮ ಕೆಲಸ ಸಿದ್ಧವಾಗಿ ನಿಂತಿದ್ದರೂ ಅಸಲಿ ಪ್ರೊಸೆಸರ್ ಪಕ್ಕದ ಕೋಣೆಯವರ ಚಾಕರಿಯಲ್ಲಿ ತೊಡಗಿದ್ದ ಸಮಯವನ್ನು ಅದು ಶೇಕಡಾವಾರು ತೋರಿಸುತ್ತದೆ. ಸಂಜೆಯ ಹೊತ್ತಿನಲ್ಲಿ ಈ ಅಂಕಿ ಏರುತ್ತಿದ್ದರೆ ಒಂದೇ ಯಂತ್ರವನ್ನು ಅತಿಯಾಗಿ ಹಂಚಲಾಗಿದೆ ಎಂದು ಅನುಮಾನಿಸಲು ಆಧಾರವಿದೆ. ಆದರೆ ಸೊನ್ನೆ ಕಂಡ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಈ ಅಂಕಿಯನ್ನು ಬಾಡಿಗೆದಾರನಿಗೆ ತಿಳಿಸದ ಮಧ್ಯವರ್ತಿ ತಂತ್ರಾಂಶಗಳೂ ಇವೆ. ಒಂದೇ ಲೆಕ್ಕವನ್ನು ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಮಾಡಿಸಿ ವಾರಗಟ್ಟಲೆ ಬರೆದಿಟ್ಟುಕೊಳ್ಳುವುದೇ ಇದಕ್ಕೆ ಪರಿಹಾರ.

ಹೊರಗೆ ನಿಂತವನಿಗೂ ಗಡಿಯಾರ ಕೆಲವು ಗುಟ್ಟು ಬಿಟ್ಟುಕೊಡುತ್ತದೆ. ಪ್ರತಿಯೊಂದು ಗಣಕದೊಳಗಿನ ಗಡಿಯಾರ ಸ್ಫಟಿಕದ ಕಂಪನದಿಂದ ನಡೆಯುತ್ತದೆ. ಎರಡು ಸ್ಫಟಿಕಗಳು ತದ್ವತ್ ಒಂದೇ ಆಗಿರುವುದಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಶಾಖೆಯ ತಡಯೋಶಿ ಕೊನೊ ಮತ್ತು ಸಂಗಡಿಗರು, ಜಾಲದ ಪೊಟ್ಟಣಗಳಲ್ಲಿರುವ ಸಮಯಮುದ್ರೆಯನ್ನು ದೂರದಿಂದಲೇ ಗಮನಿಸಿ ಒಂದು ಯಂತ್ರವನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸಬಹುದೆಂದು ತೋರಿಸಿದರು. ಕೇಂಬ್ರಿಜ್‌ನ ಸ್ಟೀವನ್ ಮರ್ಡಕ್ 2006ರಲ್ಲಿ ಮತ್ತೂ ಮುಂದೆ ಹೋದರು. ಕೆಲಸ ಹೆಚ್ಚಾದರೆ ಪ್ರೊಸೆಸರ್ ಬಿಸಿಯಾಗುತ್ತದೆ. ಬಿಸಿಗೆ ಸ್ಫಟಿಕದ ಗತಿ ಬದಲಾಗುತ್ತದೆ. ಆ ಬದಲಾವಣೆ ದೂರದವರಿಗೂ ಕಾಣುತ್ತದೆ ಎಂಬುದು ಅವರ ಶೋಧ. ಯಂತ್ರದ ಮೈ ಬೆಚ್ಚಗಾದದ್ದನ್ನು ಊರಾಚೆಯಿಂದ ತಿಳಿಯುವ ವಿದ್ಯೆಯಿದು.

ಸ್ಥಳದ ಮಾತೂ ಹಾಗೆಯೇ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಹೋಗಿ ಬರುವ ಲೆಕ್ಕದಲ್ಲಿ ಪ್ರತಿ 100 ಕಿಲೋಮೀಟರ್ ದೂರಕ್ಕೆ ಒಂದು ಮಿಲಿಸೆಕೆಂಡು ತಗಲಲೇಬೇಕು. ಯುರೋಪಿನಲ್ಲಿದೆ ಎಂದು ಹೇಳಲಾದ ಸರ್ವರ್ ಬೆಂಗಳೂರಿಗೆ 10 ಮಿಲಿಸೆಕೆಂಡಿನಲ್ಲಿ ಉತ್ತರಿಸಿದರೆ ಉತ್ತರ ಕೊಟ್ಟದ್ದು ಆ ಯಂತ್ರವಲ್ಲ. ಹತ್ತಿರದಲ್ಲೆಲ್ಲೋ ಇರಿಸಿದ ಪ್ರತಿನಿಧಿ.

ಸೇರು, ಬಳ್ಳ, ವಿಸಿಪಿಯು

ಇಷ್ಟೆಲ್ಲ ಅಳೆದ ಮೇಲೂ ಒಂದು ತೊಡಕು ಉಳಿಯುತ್ತದೆ. ಯಾವುದರ ಎದುರು ಅಳೆಯುವುದು? ಕರಾರಿನಲ್ಲಿ ಬರೆದಿರುವ ಮಾನವೇ ಸಡಿಲ.

ಹಿಂದೆ ನಮ್ಮ ಸೀಮೆಗಳಲ್ಲಿ ಸೇರು, ಬಳ್ಳ, ಕೊಳಗಗಳ ಅಳತೆ ಊರಿಂದೂರಿಗೆ ಬೇರೆಯಾಗಿತ್ತು. ಒಂದು ಸಂತೆಯ ಸೇರು ಇನ್ನೊಂದು ಸಂತೆಯ ಸೇರಾಗಿರಲಿಲ್ಲ. 1956ರ ಕಾಯ್ದೆ ದೇಶಕ್ಕೆಲ್ಲ ಒಂದೇ ಮಾನವನ್ನು ತಂದಿತು. ಇಂದು ಕ್ಲೌಡ್ ಮಾರುಕಟ್ಟೆಯ ಸೇರು ವಿಸಿಪಿಯು. ಅಮೆಜಾನ್‌ನ ಇಂಟೆಲ್ ಆಧಾರಿತ ಬಾಡಿಗೆ ಸರ್ವರ್‌ಗಳಲ್ಲಿ ಒಂದು ವಿಸಿಪಿಯು ಎಂದರೆ ಸಾಮಾನ್ಯವಾಗಿ ಪ್ರೊಸೆಸರ್ ಕೋರ್‌ನ ಎರಡು ಎಳೆಗಳಲ್ಲಿ ಒಂದು. ಅದೇ ಕಂಪನಿಯ ಗ್ರಾವಿಟನ್ ಪ್ರೊಸೆಸರ್‌ಗಳಲ್ಲಿ ಒಂದು ವಿಸಿಪಿಯು ಎಂದರೆ ಇಡೀ ಒಂದು ಕೋರ್. ಪದ ಒಂದೇ, ಪ್ರಮಾಣ ಬೇರೆ. ಅಮೆಜಾನ್ ಇದನ್ನು ಬಹಿರಂಗವಾಗಿಯೇ ಹೇಳುತ್ತದೆ, ಪ್ರೊಸೆಸರ್‌ನ ಹೆಸರನ್ನೂ ಪ್ರಕಟಿಸುತ್ತದೆ. ಅಷ್ಟನ್ನೂ ಹೇಳದೆ ‘2 ವಿಸಿಪಿಯು’ ಎಂದು ಬರೆದು ಹಣ ಪಡೆಯುವ ಸಣ್ಣ ಪುಟ್ಟ ಕಂಪನಿಗಳಿಂದ ಕೊಳ್ಳುವಾಗ ತೊಂದರೆ ಹೆಚ್ಚು.

ಮಾನ ನಿಗದಿಪಡಿಸುವ ಪ್ರಯತ್ನ ಹಿಂದೆ ನಡೆಯದೆ ಇರಲಿಲ್ಲ. ಅಮೆಜಾನ್ ತನ್ನ ಬಾಡಿಗೆ ಸರ್ವರ್ ಸೇವೆಯ ಆರಂಭದ ವರ್ಷಗಳಲ್ಲಿ ‘ಇಸಿಯು’ ಎಂಬ ಮಾನವನ್ನಿಟ್ಟಿತ್ತು. 2007ರ ಕಾಲದ ಒಂದು ಪ್ರೊಸೆಸರ್ 1.0ರಿಂದ 1.2 ಗಿಗಾಹರ್ಟ್ಸ್ ವೇಗದಲ್ಲಿ ಮಾಡುವ ಕೆಲಸಕ್ಕೆ ಅದು ಸಮ ಎಂಬ ವಿವರಣೆಯಿತ್ತು. ಆದರೂ ಒಂದೇ ದರ್ಜೆಯ ಬಾಡಿಗೆಗೆ ಬೇರೆ ಬೇರೆ ತಲೆಮಾರಿನ ಪ್ರೊಸೆಸರ್‌ಗಳು ಸಿಗುತ್ತವೆ, ಕೆಲಸದ ವೇಗವೂ ವ್ಯತ್ಯಾಸವಾಗುತ್ತದೆ ಎಂದು ಫಿನ್ಲೆಂಡಿನ ಸಂಶೋಧಕರು 2012ರಲ್ಲಿ ದಾಖಲಿಸಿದರು. ಒಂದೇ ದರ, ಒಂದೇ ಹೆಸರು, ಒಳಗಿನ ಸರಕು ಮಾತ್ರ ಅದೃಷ್ಟಕ್ಕೆ ಬಿಟ್ಟದ್ದು.

ಕಂಪನಿಗಳ ವಾದವೂ ಪೊಳ್ಳಲ್ಲ

ಹೋಸ್ಟಿಂಗ್ ಕಂಪನಿಗಳು ಎಲ್ಲವನ್ನೂ ದುರುದ್ದೇಶದಿಂದ ಮುಚ್ಚಿಡುತ್ತವೆ ಎನ್ನುವುದು ಅನ್ಯಾಯವಾದೀತು. ಯಂತ್ರದ ವಿವರ ಬಲ್ಲವನು ಪಕ್ಕದ ಕೋಣೆಯವನ ಗುಟ್ಟು ಕದಿಯಲೂಬಹುದು. ಅಮೆಜಾನ್‌ನ ಸರ್ವರ್‌ಗಳಲ್ಲಿ ತಾನು ಯಾರ ಜೊತೆ ಒಂದೇ ಯಂತ್ರ ಹಂಚಿಕೊಂಡಿದ್ದೇನೆಂದು ಬಾಡಿಗೆದಾರನೊಬ್ಬ ಪತ್ತೆ ಹಚ್ಚಬಹುದು ಎಂದು 2009ರಲ್ಲಿ ಥಾಮಸ್ ರಿಸ್ಟೆನ್‌ಪಾರ್ಟ್ ಮತ್ತು ಸಂಗಡಿಗರು ತೋರಿಸಿದ್ದರು. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು ಪ್ರೊಸೆಸರ್‌ನ ಒಳಗಿನ ಗೋಡೆಗಳೇ ಸೋರುತ್ತವೆ ಎಂಬುದನ್ನು ಜಗತ್ತಿಗೆ ತಿಳಿಸಿದವು. ಕೆಟ್ಟ ಯಂತ್ರವನ್ನು ಬದಲಿಸಿ ಬಾಡಿಗೆದಾರನಿಗೆ ಗೊತ್ತೇ ಆಗದಂತೆ ಬೇರೆಡೆಗೆ ಸಾಗಿಸುವ ಅನುಕೂಲವೂ ಈ ಮರೆಯಿಂದಲೇ ಬಂದದ್ದು.

‘ಸರ್ವರ್ ನಿಧಾನ’ ಎಂಬುದಕ್ಕೆಲ್ಲ ಯಂತ್ರವೇ ಹೊಣೆಯೆಂದೂ ಅಲ್ಲ. ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ಮುಗ್ಗರಿಸಿದಾಗ ಅದಕ್ಕೆ ಬಾಟ್‌ಗಳ ಮೂಲಕ ನಡೆದ ದಾಳಿ ಕಾರಣವೆಂದು ಸರ್ಕಾರ ಹೇಳಿತ್ತು. ಪೊಲೀಸರಲ್ಲಿ ದೂರೂ ದಾಖಲಾಯಿತು. ಕಾರಣ ಯಂತ್ರವೋ, ತಂತ್ರಾಂಶವೋ, ದಾಳಿಯೋ ಎಂದು ವಿಂಗಡಿಸಿ ಹೇಳಬೇಕಾದರೂ ಯಂತ್ರದ ಸಾಮರ್ಥ್ಯ ಮೊದಲೇ ಗೊತ್ತಿರಬೇಕಲ್ಲವೇ?

ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರ ಸಾಕ್ಷಿ. 2021ರ ಮಾರ್ಚ್ 10ರಂದು ಅಲ್ಲಿನ ಓವಿಎಚ್ ಕಂಪನಿಯ ಡಾಟಾ ಸೆಂಟರ್ ಆವರಣದಲ್ಲಿ ಬೆಂಕಿ ಬಿದ್ದು ಒಂದು ಕಟ್ಟಡ ಸಂಪೂರ್ಣ ನಾಶವಾಯಿತು. ಲಕ್ಷಾಂತರ ಜಾಲತಾಣಗಳು ಸ್ತಬ್ಧವಾದವು. ತಮ್ಮ ದತ್ತಾಂಶ ಯಾವ ಕಟ್ಟಡದಲ್ಲಿತ್ತು, ಅದರ ನಕಲು ಎಲ್ಲಿತ್ತು ಎಂಬ ಪ್ರಶ್ನೆ ಎಷ್ಟೋ ಗ್ರಾಹಕರಿಗೆ ಹೊಳೆದದ್ದು ಹೊಗೆ ಎದ್ದ ಮೇಲೆಯೇ. ಕೆಲವರ ದತ್ತಾಂಶ ಮರಳಿ ಸಿಗಲೇ ಇಲ್ಲ.

ಕಾನೂನಿನ ಒಂದೇ ಕಣ್ಣು

ನಮ್ಮ ಕಾನೂನು ಈ ವಿಷಯದಲ್ಲಿ ಒಂದೇ ದಿಕ್ಕಿಗೆ ನೋಡುತ್ತಿದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಡಾಟಾ ಸೆಂಟರ್‌ಗಳು, ವರ್ಚುವಲ್ ಸರ್ವರ್ ಮತ್ತು ಕ್ಲೌಡ್ ಸೇವಾದಾರರು ಗ್ರಾಹಕರ ಹೆಸರು, ವಿಳಾಸ, ಬಾಡಿಗೆಗೆ ಪಡೆದ ಉದ್ದೇಶ ಮುಂತಾದ ವಿವರಗಳನ್ನು 5 ವರ್ಷ ಕಾದಿಡಬೇಕು. ಭದ್ರತೆಯ ದೃಷ್ಟಿಯಿಂದ ಅದು ಇರಲಿ. ಮನೆಯ ಮಾಲೀಕನಿಗೆ ಬಾಡಿಗೆದಾರನ ಜಾತಕ ಬೇಕು. ಮನೆಯ ತೊಲೆ ಗಟ್ಟಿಯೋ ಗೆದ್ದಲು ಹಿಡಿದದ್ದೋ ಎಂದು ಬಾಡಿಗೆದಾರ ಕೇಳುವಂತಿಲ್ಲ ಎಂಬುದು ಯಾವ ನ್ಯಾಯ?

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸರಕು ಮತ್ತು ಸೇವೆಗಳ ಗುಣಮಟ್ಟ, ಪ್ರಮಾಣ, ಬೆಲೆಗಳ ಬಗ್ಗೆ ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿದೆ. ಆದರೆ ವಾಣಿಜ್ಯ ಉದ್ದೇಶದ ಬಳಕೆ ಸಾಮಾನ್ಯವಾಗಿ ಅದರ ಹೊರಗುಳಿಯುವುದರಿಂದ ಸರ್ವರ್ ಬಾಡಿಗೆಗೆ ಪಡೆಯುವ ವ್ಯಾಪಾರಿಗೆ ಅದು ಹೆಚ್ಚಿನ ಆಸರೆಯಲ್ಲ. ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಮುದ್ರೆಯೊತ್ತಿದ 5 ಲೀಟರ್ ಮಾಪಕ ತಂದು ಅಳೆದು ತೋರಿಸಿ ಎಂದು ಕೇಳಬಹುದು. ಚಿನ್ನದ ಮೇಲೆ ಹಾಲ್‌ಮಾರ್ಕ್‌ನ ಆರು ಅಕ್ಷರ-ಅಂಕಿಗಳ ಗುರುತು ಹುಡುಕಬಹುದು. ಸರ್ವರ್‌ಗೆ ಇಂಥ ಯಾವ ಮುದ್ರೆಯಿದೆ?

ತಂತ್ರಜ್ಞಾನದಲ್ಲಿ ಅಂಥದೊಂದು ಮುದ್ರೆ ಮೂಡುತ್ತಿರುವುದು ನಿಜ. ಎಎಂಡಿ ಮತ್ತು ಇಂಟೆಲ್ ಕಂಪನಿಗಳ ಹೊಸ ಸರ್ವರ್ ಪ್ರೊಸೆಸರ್‌ಗಳು ‘ನಾನು ಇಂಥ ಪ್ರೊಸೆಸರ್’ ಎಂದು ತಮ್ಮೊಳಗೆ ಹುದುಗಿಸಿದ ಗುಪ್ತ ಕೀಲಿಯಿಂದ ಸಹಿ ಮಾಡಿಕೊಡಬಲ್ಲವು. ಮಧ್ಯವರ್ತಿ ತಂತ್ರಾಂಶ ಆ ಸಹಿಯನ್ನು ತಿದ್ದಲಾರದು. ಆದರೆ ಯಂತ್ರವನ್ನು ಕೈಯಲ್ಲಿ ಹಿಡಿದವರು ಮೆಮೊರಿಯ ನಡುವೆ ಸಣ್ಣ ಸಾಧನ ಸೇರಿಸಿ ಈ ರಕ್ಷಣೆಯನ್ನೂ ಮುರಿಯಬಹುದೆಂದು 2025ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಅಲ್ಲದೆ ಆ ಸಹಿ ಪ್ರೊಸೆಸರ್‌ನ ಬಗ್ಗೆ ಹೇಳುವುದೇ ಹೊರತು ಡಿಸ್ಕಿನ ಬಗ್ಗೆಯಾಗಲಿ, ನೆರೆಹೊರೆಯ ಗದ್ದಲದ ಬಗ್ಗೆಯಾಗಲಿ ಅಲ್ಲ.

ಆದ್ದರಿಂದ ಸದ್ಯಕ್ಕೆ ರಕ್ಷಣೆ ಇರುವುದು ಕಾಗದದಲ್ಲಿ. ಪ್ರೊಸೆಸರ್‌ನ ತಲೆಮಾರು, ವಿಸಿಪಿಯು ಎಂದರೆ ಎಳೆಯೋ ಕೋರೋ, ಒಂದು ಕೋರ್ ಅನ್ನು ಗರಿಷ್ಠ ಎಷ್ಟು ಜನರಿಗೆ ಹಂಚಲಾಗುತ್ತದೆ, ಡಿಸ್ಕ್ ಸೆಕೆಂಡಿಗೆ ಕನಿಷ್ಠ ಎಷ್ಟು ಓದುತ್ತದೆ, ಮೆಮೊರಿ ಇಸಿಸಿಯೇ, ನಕಲು ಯಾವ ಊರಿನಲ್ಲಿದೆ ಎಂಬ ಆರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದ ಮೇಲೆಯೇ ಹಣ ಕಟ್ಟಬೇಕು. ಸರ್ಕಾರಿ ಇಲಾಖೆಗಳು ಟೆಂಡರ್‌ನಲ್ಲಿ ಇವನ್ನು ಷರತ್ತಾಗಿಸಿ, ತಾವೇ ಅಳೆದು ನೋಡುವ ಹಕ್ಕನ್ನೂ ಬರೆಸಿಕೊಂಡರೆ ಸಣ್ಣವರಿಗೂ ದಾರಿಯಾಗುತ್ತದೆ. ಅಳೆಯುವವರು ತಮ್ಮ ಖಾತೆಯ ಮೇರೆ ಮೀರಬಾರದು. ಅನುಮತಿಯಿಲ್ಲದೆ ಇನ್ನೊಬ್ಬರ ಭಾಗಕ್ಕೆ ಕೈಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಪ್ರಕಾರ ಅಪರಾಧ. ಪರೀಕ್ಷೆಗೆಂದು ಬರೆದ ಪುಟವನ್ನು ಕೆಲಸ ಮುಗಿದೊಡನೆ ಅಳಿಸುವುದೂ ಅಷ್ಟೇ ಮುಖ್ಯ. ನಿಮಗೆ ಕಂಡದ್ದು ದಾರಿಹೋಕ ದುಷ್ಕರ್ಮಿಗೂ ಕಂಡೀತು.

ಸಂತೆಯಲ್ಲಿ ತಕ್ಕಡಿಯ ಮುಳ್ಳು ನೋಡದೆ ಯಾರೂ ಈರುಳ್ಳಿ ಕೊಳ್ಳುವುದಿಲ್ಲ. ಜನರ ಪಹಣಿ, ಪಡಿತರ, ಠೇವಣಿಗಳ ಲೆಕ್ಕವೆಲ್ಲ ಕುಳಿತಿರುವ ಯಂತ್ರವನ್ನು ಮಾತ್ರ ಮುಳ್ಳು ನೋಡದೆ ಕೊಳ್ಳಲಾಗುತ್ತಿದೆ. ‘ಸರ್ವರ್ ಡೌನ್’ ಎಂಬ ಉತ್ತರ ಮುಂದಿನ ಬಾರಿ ಕಿವಿಗೆ ಬಿದ್ದಾಗ ‘ಯಾವ ಸರ್ವರ್?’ ಎಂದು ಕೇಳುವ ರೂಢಿ ಹಣ ಕಟ್ಟುವವರಿಂದಲೇ ಆರಂಭವಾಗಬೇಕಿದೆ.